ಸಣ್ಣ ಘಟಕಕ್ಕೆ ಡಿಜಿಟಲ್ ನೆರವು: ಅರ್ಜಿ ಹಾಕುವ ಮೊದಲು ಏನು ನೋಡಬೇಕು?

ಕೇಳಿದ್ದು: ನಮ್ಮದು ಸಣ್ಣ ಮೆಷಿನಿಂಗ್ ಘಟಕ. ಹಳೆಯ ಲೇತ್‌ಗಳಿವೆ (ಲೋಹ ಕಡೆಯುವ ಮೆಷಿನ್), ಒಂದೆರಡು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಇವೆ. ಲೆಕ್ಕವೆಲ್ಲ ಪುಸ್ತಕದಲ್ಲೇ. ಡಿಜಿಟಲ್ ಮಾಡಿಕೊಳ್ಳಲು ಸರ್ಕಾರದ ಸಹಾಯಧನ ಸಿಗುತ್ತದೆ ಅಂತ ಸಾಫ್ಟ್‌ವೇರ್ ಮಾರುವವರೊಬ್ಬರು ಬಂದಿದ್ದಾರೆ. ಇಆರ್‌ಪಿ (ಲೆಕ್ಕ, ಸ್ಟಾಕ್, ಆರ್ಡರ್ ಎಲ್ಲ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್) ಕೊಟೇಶನ್ ಜೊತೆಗೆ ಅರ್ಜಿಯನ್ನೂ ಅವರೇ ತುಂಬಿ ತಂದಿದ್ದಾರೆ. ಸಹಿ ಹಾಕಲೋ ಬೇಡವೋ? ಇಂಥ ನೆರವು ಪಡೆದವರು ದಯವಿಟ್ಟು ಹೇಳಿ.

ಬಿಡಿಭಾಗ ತಯಾರಿಸುವವರ ಉತ್ತರ:
ಈಗಲೇ ಸಹಿ ಬೇಡ. ಮಾರುವವರು ತುಂಬಿದ ಅರ್ಜಿಯಲ್ಲಿ ಅವರ ಸಾಮಾನು ಇರುತ್ತದೆ, ನಿಮ್ಮ ತೊಂದರೆ ಇರುವುದಿಲ್ಲ. ನಾವು ಮೊದಲು ಕೇಳಿದ್ದು ಸಲಹೆ, ಹಣ ಆಮೇಲೆ. ಬಂದ ಸಲಹೆಗಾರರು ಕಂಪ್ಯೂಟರ್ ಮುಟ್ಟಲೇ ಇಲ್ಲ. ಒಂದು ಸಿಎನ್‌ಸಿ ಪಕ್ಕ ನಿಂತು, ಅದು ನಿಂತಾಗಲೆಲ್ಲ ಯಾಕೆ ನಿಂತಿತು ಅಂತ ಬರೆದುಕೊಂಡರು. ಮೆಷಿನ್ ಹಳೆಯದಾಯ್ತು, ಅದಕ್ಕೇ ಮಾಲು ಹೊರಡುತ್ತಿಲ್ಲ ಅಂತ ನಾವು ಅಂದುಕೊಂಡಿದ್ದೆವು. ಪಟ್ಟಿ ನೋಡಿದರೆ ಜಾಸ್ತಿ ಹೊತ್ತು ಹೋಗುತ್ತಿದ್ದದ್ದು ಮೊದಲ ಪೀಸ್ ಇನ್‌ಸ್ಪೆಕ್ಷನ್ ಆಗಿ ಬರುವುದನ್ನು ಕಾಯುವುದರಲ್ಲಿ. ಇಆರ್‌ಪಿ ಇದಕ್ಕೆ ಏನು ಮಾಡೀತು ಹೇಳಿ?

ಅವರು ತೋರಿಸಿದ ಒಇಇ ಲೆಕ್ಕ, ಅಂದರೆ ಮೆಷಿನ್ ಒಟ್ಟಾರೆ ಎಷ್ಟು ಉಪಯೋಗಕ್ಕೆ ಬಂತು ಅನ್ನುವ ಲೆಕ್ಕ, ನೀವೂ ಮಾಡಿ ನೋಡಿ. ಮೆಷಿನ್ ಓಡಬೇಕಾದ ಹೊತ್ತಿನಲ್ಲಿ 90% ಓಡಿತು, ಇರಬೇಕಾದ ವೇಗದ 90% ಬಂತು, ಆದ ಪೀಸ್‌ಗಳಲ್ಲಿ 90% ಸರಿ ಇದ್ದವು. ಕೇಳಲು ಮೂರೂ ಚೆನ್ನಾಗಿವೆ, ಅಲ್ವಾ? ಮೂರನ್ನೂ ಗುಣಿಸಿದರೆ 72.9%. ಎಲ್ಲಿ ಸೋರುತ್ತಿದೆ ಅಂತ ಗೊತ್ತಾದ ಮೇಲೆ, ಅದಕ್ಕೆ ಬೇಕಾದದ್ದಕ್ಕೆ ಮಾತ್ರ ಅರ್ಜಿ ಹಾಕಿ.

ಹಳೆಯ ಲೇತ್ ಬದಲಿಸಲೇಬೇಕು ಅಂತೇನಿಲ್ಲ. ಮೋಟಾರಿಗೆ ಹೋಗುವ ವೈರಿನ ಸುತ್ತ ಕರೆಂಟ್ ಸೆನ್ಸರ್ ಕೂರಿಸಬಹುದು, ವೈರ್ ಕತ್ತರಿಸುವ ಕೆಲಸವಿಲ್ಲ. ಕಟಿಂಗ್ ನಡೆಯುವಾಗ ಕರೆಂಟ್ ಏರುತ್ತದೆ, ಖಾಲಿ ತಿರುಗುವಾಗ ಇಳಿಯುತ್ತದೆ. ಎಷ್ಟು ಹೊತ್ತು ನಿಜವಾಗಿ ಕೆಲಸ ಆಯ್ತು ಅಂತ ತಿಳಿಯಲು ಇಷ್ಟು ಸಾಕು.

ಲೆಕ್ಕಪತ್ರ ನೋಡಿಕೊಳ್ಳುವವರ ಉತ್ತರ:
ತಾರೀಕು ನೋಡಿಕೊಳ್ಳಿ. ಮಂಜೂರಾತಿ ಪತ್ರ ಕೈಗೆ ಬರುವ ಮೊದಲು ಪರ್ಚೇಸ್ ಆರ್ಡರ್ ಕೊಡಬೇಡಿ, ಅಡ್ವಾನ್ಸ್ ಕೂಡ ಬೇಡ. ಯುರೋಪಿಯನ್ ಒಕ್ಕೂಟದ ಸಹಾಯಧನದ 2014ರ ನಿಯಮ ಇಷ್ಟನ್ನಾದರೂ ಕೇಳುತ್ತದೆ: ಕೆಲಸ ಶುರುವಾಗುವ ಮೊದಲೇ ಅರ್ಜಿ ಹೋಗಿರಬೇಕು, ಕಾನೂನಿನ ಪ್ರಕಾರ ಬದ್ಧವಾಗುವ ಆರ್ಡರ್ ಕೊಟ್ಟರೆ ಕೆಲಸ ಶುರುವಾದಂತೆಯೇ. ಬೇರೆ ಕಡೆಯ ಯೋಜನೆಗಳಲ್ಲೂ ಇಂಥ ಷರತ್ತು ಸಾಮಾನ್ಯ.

ಇನ್ನೊಂದು, ಸಹಾಯಧನ ಬಹಳ ಸಲ ಮುಂಗಡವಾಗಿ ಬರುವುದಿಲ್ಲ. ಪೂರ್ತಿ ಬಿಲ್ ನೀವು ಕಟ್ಟಿ, ರಸೀದಿ ಕೊಟ್ಟು, ಆಮೇಲೆ ವಾಪಸ್ ಪಡೆಯಬೇಕು. ಅಲ್ಲಿಯವರೆಗೆ ಸಂಬಳಕ್ಕೂ ಕಚ್ಚಾ ಮಾಲಿಗೂ ಹಣ ಎಲ್ಲಿಂದ ಅಂತ ಬ್ಯಾಂಕಿನವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ. ವರ್ಷ ವರ್ಷ ಕಟ್ಟಬೇಕಾದ ಲೈಸೆನ್ಸ್ ಶುಲ್ಕವನ್ನೂ ಕೇಳಿ. ನೆರವು ಮುಗಿದ ಮೇಲೆ ಅದು ಪೂರ್ತಿ ನಿಮ್ಮ ತಲೆಗೇ.

ಶಾಪ್‌ಫ್ಲೋರ್ (ಮೆಷಿನ್ ಓಡುವ ಜಾಗ) ಸೂಪರ್‌ವೈಸರ್ ಉತ್ತರ:
ಆಪರೇಟರ್‌ಗಳನ್ನು ಮೊದಲ ದಿನವೇ ಕೂರಿಸಿ ಮಾತಾಡಿ ಸಾರ್. ಹೇಳದೆ ಕೇಳದೆ ಸೆನ್ಸರ್ ಹಾಕಿದರೆ ನಮ್ಮ ಮೇಲೆ ಕಣ್ಣಿಡಲು ಅಂತಲೇ ತಿಳಿಯುತ್ತಾರೆ. ಮೆಷಿನ್ ನಿಂತ ಕಾರಣ ಒತ್ತುವ ಪರದೆಯಲ್ಲಿ ಉದ್ದದ ಪಟ್ಟಿ ಬೇಡ. ‘ಟೂಲ್ ಇಲ್ಲ’, ‘ಡ್ರಾಯಿಂಗ್ ಬಂದಿಲ್ಲ’, ‘ಇನ್‌ಸ್ಪೆಕ್ಷನ್‌ಗೆ ಕಾಯ್ತಾ ಇದೀವಿ’, ಹೀಗೆ ಅವರು ಆಡುವ ಮಾತೇ ಇರಲಿ. ಪಟ್ಟಿ ಉದ್ದವಾದರೆ ಸುಮ್ನೆ ಮೇಲಿನದನ್ನೇ ಒತ್ತಿಬಿಡುತ್ತಾರೆ. ಅರ್ಜಿಯಲ್ಲಿ ತರಬೇತಿಗೂ ಹಣ ಕೇಳಬಹುದಾ ನೋಡಿ, ಕೇಳಬಹುದು ಅಂದರೆ ಬಿಡಬೇಡಿ.

ಸಲಹೆಗಾರರೊಬ್ಬರ ಉತ್ತರ:
ಮೇಲೆ ಹೇಳಿದ ಕ್ರಮ ಸರಿಯಾಗಿದೆ. ಸಣ್ಣ ತಯಾರಕರಿಗೆ ನೆರವಾಗಲು ಅಮೆರಿಕದಲ್ಲಿ 1988ರಲ್ಲಿ ಶುರುವಾದ ಸರ್ಕಾರಿ ಕಾರ್ಯಕ್ರಮ ಮ್ಯಾನುಫ್ಯಾಕ್ಚರಿಂಗ್ ಎಕ್ಸ್‌ಟೆನ್ಶನ್ ಪಾರ್ಟ್‌ನರ್‌ಶಿಪ್‌ನ ಬಲವೇ ಶಾಪ್‌ಫ್ಲೋರ್‌ಗೆ ಬಂದು ನೋಡುವ ಸಲಹೆಗಾರರು. ಯುರೋಪಿನ ಡಿಜಿಟಲ್ ಇನ್ನೋವೇಶನ್ ಹಬ್‌ಗಳಲ್ಲಿ ಹಣ ಹಾಕುವ ಮುನ್ನ ತಂತ್ರಜ್ಞಾನವನ್ನು ಪರೀಕ್ಷಿಸಿ ನೋಡಲು ಅವಕಾಶವಿದೆ. ನಿಮ್ಮ ಕಡೆ ಇಂಥದ್ದು ಇದ್ದರೆ ನಿಮ್ಮದೇ ಪೀಸ್ ತೆಗೆದುಕೊಂಡು ಹೋಗಿ, ಅವರ ಸ್ಯಾಂಪಲ್ ನೋಡಿ ಬರಬೇಡಿ.

ಸಿಎನ್‌ಸಿ ಕಂಟ್ರೋಲರ್ ಹಳೆಯದಾಗಿದ್ದರೆ ಅದನ್ನು ಆಫೀಸಿನ ನೆಟ್‌ವರ್ಕಿಗೆ ನೇರವಾಗಿ ಸೇರಿಸಬೇಡಿ. ಇಂಥವುಗಳಲ್ಲಿ ಎಷ್ಟೋ ಸಲ ಇರುವ ಹಳೆಯ ವಿಂಡೋಸ್‌ಗೆ ಭದ್ರತಾ ಅಪ್‌ಡೇಟ್ ಬರುವುದಿಲ್ಲ, ಅದಕ್ಕೆ ಬೇರೆ ನೆಟ್‌ವರ್ಕೇ ಇರಲಿ. ಆ ಖರ್ಚನ್ನೂ ಅರ್ಜಿಯಲ್ಲಿ ತೋರಿಸಿ. ಮಾರುವವರಿಂದ ಒಂದು ಮಾತು ಬರಹದಲ್ಲಿ ತೆಗೆದುಕೊಳ್ಳಿ: ಒಪ್ಪಂದ ಮುಗಿದರೆ ನಿಮ್ಮ ಡೇಟಾ ಪೂರ್ತಿ, ಎಕ್ಸೆಲ್‌ನಲ್ಲಿ ತೆರೆಯುವ ರೂಪದಲ್ಲಿ, ನಿಮ್ಮ ಕೈಗೆ ಕೊಡಬೇಕು. ಇದಕ್ಕೆ ಒಪ್ಪದಿದ್ದರೆ ಬೇರೆಯವರಿಂದ ಕೊಟೇಶನ್ ತರಿಸಿ.