ಪದಚರ್ಚೆ: ‘ಎರಡೂ ಇಲ್ಲ’, ‘ಎರಡೂ ಇದೆ ಅಂತಲ್ಲ’

ತೀರ್ಥಹಳ್ಳಿ ಕಡೆಯ ಒಂದು ಸಂಘದ ಫಲಕದಲ್ಲಿ ಹೀಗೆ ಬರೆದಿತ್ತು: ‘ಅಡಿಕೆ ಮತ್ತು ಕಾಳುಮೆಣಸು ಬೆಳೆಯದವರಿಗೆ ಈ ಸೌಲಭ್ಯವಿಲ್ಲ.’ ಸೊರಗು ರೋಗಕ್ಕೆ ಬಳ್ಳಿಯೆಲ್ಲ ಹೋಗಿ ಬರೀ ಅಡಿಕೆ ಉಳಿದಿದ್ದ ರೈತರೊಬ್ಬರು ‘ಹಂಗಾರೆ ನಂಗೆ ಸಿಗುತ್ತೋ ಇಲ್ವೋ?’ ಎಂದು ಕೇಳಿದರು. ಎರಡನ್ನೂ ಬೆಳೆದಿರಲೇಬೇಕು ಎಂದು ಒಬ್ಬರು ಓದಿದರು, ಒಂದಿದ್ದರೂ ಸಾಕು ಎಂದು ಇನ್ನೊಬ್ಬರು. ವಾಕ್ಯ ಎರಡು ಅರ್ಥಕ್ಕೂ ಬಗ್ಗುತ್ತದೆ.

ತರ್ಕಶಾಸ್ತ್ರದಲ್ಲಿ ಇದಕ್ಕೆ ಡಿ ಮಾರ್ಗನ್ ನಿಯಮಗಳಿವೆ. (ಇವನ್ನು ಹೇಳಿದ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನಮ್ಮ ಪಕ್ಕದ ಮದುರೈಯಲ್ಲೇ, 1806ರಲ್ಲಿ.) ‘ಇದು ಅಥವಾ ಅದು’ ಎಂಬುದನ್ನು ಅಲ್ಲಗಳೆದರೆ ಎರಡೂ ಹೋಗುತ್ತವೆ, ‘ಇದು ಮತ್ತು ಅದು’ ಎಂಬುದನ್ನು ಅಲ್ಲಗಳೆದರೆ ಒಂದಾದರೂ ಹೋಗಿರಬೇಕು, ಅಷ್ಟೆ.

ಮೊದಲನೆಯದು ಕನ್ನಡಕ್ಕೆ ಸಲೀಸು. ‘ಅಡಿಕೆಯಾಗಲಿ ಮೆಣಸಾಗಲಿ ಇಲ್ಲ’ ಎಂದರೂ ‘ಅಡಿಕೆಯೂ ಇಲ್ಲ, ಮೆಣಸೂ ಇಲ್ಲ’ ಎಂದರೂ ಒಂದೇ. ತೊಡಕಿರುವುದು ಎರಡನೆಯದರಲ್ಲಿ. ‘ಎರಡೂ ಇಲ್ಲ’ ಎಂದ ಕೂಡಲೇ ತೋಟ ಪೂರ್ತಿ ಖಾಲಿ. ಇಲ್ಲಿ ‘ಊ’ ಪ್ರತ್ಯಯ ‘ಇಲ್ಲ’ದ ಜೊತೆ ಸೇರಿ ಒಂದನ್ನೂ ಉಳಿಸುವುದಿಲ್ಲ. ‘ಎಲ್ಲರೂ ಬರಲಿಲ್ಲ’ ಎಂಬಲ್ಲಿ ಅಷ್ಟು ಖಚಿತವೂ ಇಲ್ಲ: ಒಬ್ಬರೂ ಬರಲಿಲ್ಲವೋ, ಕೆಲವರಷ್ಟೇ ಬಂದರೋ, ಹೇಳುವವರ ಧ್ವನಿಯಿಂದಲೇ ತಿಳಿಯಬೇಕು.

ಹಾಗಾಗಿ ತರ್ಕದ ನಿಷೇಧ ಚಿಹ್ನೆಯನ್ನು (¬, ಅಂದರೆ ಮುಂದಿನ ಮಾತನ್ನು ಅಲ್ಲಗಳೆಯುವ ಗುರುತು) ಕನ್ನಡದಲ್ಲಿ ಓದುವಾಗ ಕೊನೆಗೊಂದು ‘ಇಲ್ಲ’ ಅಂಟಿಸುವುದು ಸರಿಯಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ಎರಡೂ ಇದೆ ಅಂತಲ್ಲ’ ಎನ್ನುತ್ತೇವಲ್ಲ, ಅಲ್ಲಿ ‘ಅಂತ’ ಇಡೀ ಮಾತನ್ನು ಗಂಟು ಕಟ್ಟುತ್ತದೆ, ‘ಅಲ್ಲ’ ಆ ಗಂಟನ್ನೇ ನಿರಾಕರಿಸುತ್ತದೆ. ಒಳಗಿನ ‘ಊ’ಗೆ ಅದು ಕೈ ಹಾಕುವುದಿಲ್ಲ. ತರ್ಕಕ್ಕೆ ಬೇಕಾದ್ದು ಇದೇ. ಬರಹದಲ್ಲಿ ‘ಎಂದಲ್ಲ’ ಎನ್ನಬಹುದು.

ಆದರೆ ಒಂದು ಅನುಮಾನ ಉಳಿದಿದೆ. ‘ಬರೋಕೆ ಮನಸ್ಸಿಲ್ಲ ಅಂತಲ್ಲ’ ಎಂದವರ ಬಾಯಿಂದ ಮುಂದಿನ ಮಾತನ್ನು ಕಾಯುತ್ತೇವೆ: ‘ತೋಟಕ್ಕೆ ಔಷಧಿ ಹೊಡೀಬೇಕು.’ ತರ್ಕದ ನಿಷೇಧಕ್ಕೆ ಈ ಬಾಲ ಇರಬಾರದು. ‘ಎಂಬುದು ಸುಳ್ಳು’ ಎಂದರೆ ಬಾಲ ಹೋಗುತ್ತದೆ, ನಿಜ. ಆಗ ಅಡಿಕೆ-ಮೆಣಸಿನ ಬಗ್ಗೆ ಮಾತಾಡುವುದು ಬಿಟ್ಟು ವಾಕ್ಯದ ಬಗ್ಗೆ ಮಾತಾಡಲು ಶುರುಮಾಡಿರುತ್ತೇವೆ. ಅದು ಬೇರೆಯೇ ಮೆಟ್ಟಿಲು.

ಪಾಠ ಮಾಡುವವರು ಇಲ್ಲಿ ಏನು ಬಳಸುತ್ತೀರಿ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯ ಆಡುಮಾತಿನಲ್ಲಿ ‘ಎರಡರಲ್ಲಿ ಒಂದಾದರೂ ಇಲ್ಲ’ ಎಂಬುದಕ್ಕೆ ಚಿಕ್ಕ ರೂಪ ಇದ್ದರೆ ಉದಾಹರಣೆ ವಾಕ್ಯದೊಂದಿಗೆ ತಿಳಿಸಿ.