ಅಲ್ಟ್ರಾಸೌಂಡ್ ನೋಡಿ ಸೂಜಿ ಹಾಕುವ ಅಭ್ಯಾಸಕ್ಕೆ ಜೆಲ್ ಡಬ್ಬಿ: ಪುಣೆಯ ಸೆಕೆಗೆ ನಿಲ್ಲುವಂತೆ ಮಾಡುವುದು ಹೇಗೆ?

ಕೋಥ್ರೂಡ್ ಅನಸ್ತೇಷಿಯಾ
ಎಲ್ಲರಿಗೂ ನಮಸ್ಕಾರ. ಊರು ಧಾರವಾಡ, ಪುಣೆಯಲ್ಲಿ ಅನಸ್ತೇಷಿಯಾ ಪಿಜಿ ಮಾಡುತ್ತಿದ್ದೇನೆ. ಜೂನಿಯರ್‌ಗಳು ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳದೊಳಗೆ ಇಡುವ ನಳಿಕೆ) ಹಾಕುವುದನ್ನು ನೇರ ರೋಗಿಯ ಕುತ್ತಿಗೆಯ ಮೇಲೆ ಕಲಿಯಬಾರದು ಅನ್ನುವುದು ನನ್ನ ಹಟ. ಕಂಪನಿಯ ಫ್ಯಾಂಟಮ್ (ಅಭ್ಯಾಸಕ್ಕೆಂದು ಮಾಡಿದ ನಕಲಿ ದೇಹಭಾಗ) ತರಿಸೋಣ ಅಂದರೆ ಬೆಲೆ ಕೇಳಿಯೇ ಎಲ್ಲರೂ ಸುಮ್ಮನಾಗುತ್ತಾರೆ. ಹಾಗಾಗಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಜಿಲೆಟಿನ್ ಹೊಯ್ದು, ಒಳಗೆ ಡ್ರಿಪ್ ಸೆಟ್ಟಿನ ಟ್ಯೂಬ್ ಇಟ್ಟು ಅಭ್ಯಾಸ ಮಾಡಿಸುತ್ತಿದ್ದೇವೆ. ಆದರೆ ಸ್ಕ್ರೀನ್ ಪೂರ್ತಿ ಕಪ್ಪು. ಸೂಜಿ ಎಲ್ಲಿದ್ದರೂ ಬೆಳ್ಳಗೆ ಎದ್ದು ಕಾಣುತ್ತದೆ, ರೋಗಿಯಲ್ಲಿ ಅಷ್ಟು ಸುಲಭವಾಗಿ ಕಾಣುವುದಿಲ್ಲ ಅಲ್ವಾ? ಮೇಲಿಂದ ಏಪ್ರಿಲ್ ಮಧ್ಯಾಹ್ನ ಟೇಬಲ್ ಮೇಲಿಟ್ಟರೆ ಮೆತ್ತಗಾಗಿ, ಪ್ರೋಬ್ (ಮೈಮೇಲೆ ಇಟ್ಟು ನೋಡುವ ಅಲ್ಟ್ರಾಸೌಂಡ್ ಹಿಡಿ) ಒತ್ತಿದ ಕಡೆ ಕುಸಿಯುತ್ತದೆ. ಪ್ರಾಣಿಜನ್ಯ ಅಂತ ಕೆಲವರಿಗೆ ಜಿಲೆಟಿನ್ ಮುಟ್ಟಲೂ ಮನಸ್ಸಿಲ್ಲ. ಬೇರೆ ದಾರಿ ಇದೆಯಾ?

ಮಾಟುಂಗಾ ರೇಡಿಯಾಲಜಿ
ಕಪ್ಪು ಕಾಣಲೇಬೇಕು ಡಾಕ್ಟ್ರೇ. ಬರೀ ಜಿಲೆಟಿನ್‌ನಲ್ಲಿ ಧ್ವನಿತರಂಗವನ್ನು ಚದುರಿಸುವ ವಸ್ತುವೇ ಇಲ್ಲ. ಅಂಗಡಿಯಲ್ಲಿ ಸಿಗುವ ಸಾದಾ ಇಸಬ್‌ಗೋಲ್ ತನ್ನಿ, ಮಿಕ್ಸಿಯಲ್ಲಿ ನುಣ್ಣಗೆ ಮಾಡಿ. ಒಂದು ಲೀಟರ್ ನೀರಿಗೆ ಸುಮಾರು 100 ಗ್ರಾಂ ಜಿಲೆಟಿನ್, ಎರಡು ಮೂರು ದೊಡ್ಡ ಚಮಚ ಇಸಬ್‌ಗೋಲ್ ಸಾಕು. ಜಿಲೆಟಿನ್ ಮೊದಲು ತಣ್ಣೀರಲ್ಲಿ ನೆನೆಯಲಿ, ಆಮೇಲೆ ಸಣ್ಣ ಉರಿಯಲ್ಲಿ ಕರಗಿಸಿ. ಕುದಿಸಬೇಡಿ, ಕುದಿಸಿದರೆ ಗಟ್ಟಿತನ ಕಮ್ಮಿಯಾಗುತ್ತದೆ. ಇಸಬ್‌ಗೋಲನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ನಿಧಾನಕ್ಕೆ ಕಲಕಿ, ಮೇಲೆ ಬಂದ ನೊರೆಯನ್ನು ಚಮಚದಿಂದ ತೆಗೆದು ಬಿಸಾಡಿ, ಯಾಕಂದರೆ ಒಂದು ಗಾಳಿಗುಳ್ಳೆ ಉಳಿದರೂ ಅದರ ಕೆಳಗೆ ನೆರಳು ಬಿದ್ದು ಆ ಜಾಗವೇ ದಂಡವಾಗುತ್ತದೆ. ಕೊನೆಗೆ ಗಾಢವಾದ ಫುಡ್ ಕಲರ್ ಹಾಕಿ. ಟ್ಯೂಬ್ ಕಣ್ಣಿಗೆ ಕಾಣಬಾರದು, ಸ್ಕ್ರೀನ್ ನೋಡಿಯೇ ಹುಡುಕಬೇಕು.

ಡ್ರಿಪ್ ಟ್ಯೂಬ್ ಬಿಡಿ. ಅದರ ಗೋಡೆ ಗಟ್ಟಿ, ವೇನ್ (ಹೃದಯಕ್ಕೆ ರಕ್ತ ಒಯ್ಯುವ ನಾಳ) ಥರ ಒತ್ತಿದಾಗ ಚಪ್ಪಟೆಯಾಗುವುದಿಲ್ಲ. ಜಾತ್ರೆಯಲ್ಲಿ ನಾಯಿ, ಕುದುರೆ ಮಾಡಿಕೊಡುವ ಉದ್ದ ಬಲೂನ್ ಇರುತ್ತದಲ್ಲ, ಅದರಲ್ಲಿ ಕೆಂಪು ನೀರನ್ನು ಸಡಿಲವಾಗಿ ತುಂಬಿದರೆ ವೇನ್. ಬಿಗಿಯಾಗಿ ತುಂಬಿದ್ದು ಆರ್ಟರಿ (ಹೃದಯದಿಂದ ರಕ್ತ ತರುವ ನಾಳ). ಎರಡನ್ನೂ ಒಂದೂವರೆ ಸೆಂಟಿಮೀಟರ್ ಆಳದಲ್ಲಿ ಪಕ್ಕಪಕ್ಕ ಇಡಿ. ಪ್ರೋಬ್ ಒತ್ತಿದಾಗ ಒಂದು ಮಾತ್ರ ಮುಚ್ಚಿಕೊಳ್ಳುವುದನ್ನು ನೋಡಿಯೇ ಸೂಜಿ ಎತ್ತಿಕೊಳ್ಳಲಿ.

ಮಡಗಾಂವ್ ಎಮರ್ಜೆನ್ಸಿ
ಸೆಕೆಗೆ ಉತ್ತರ ಚೈನಾ ಗ್ರಾಸ್. ಸಮುದ್ರದ ಪಾಚಿಯಿಂದ ಮಾಡಿದ್ದು, ಹಾಗಾಗಿ ಯಾರದ್ದೂ ತಕರಾರು ಇರುವುದಿಲ್ಲ. ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು ಸುಮಾರು 85 ಡಿಗ್ರಿ ಬೇಕು, ಜಿಲೆಟಿನ್ ಮಾತ್ರ 30 ದಾಟುತ್ತಿದ್ದಂತೆ ಸಡಿಲವಾಗುತ್ತದೆ. ಇಲ್ಲಿ ಗೋವಾದಲ್ಲಿ ಮೇ ತಿಂಗಳಲ್ಲೂ ಇದು ಟೇಬಲ್ ಮೇಲೆ ಹಾಗೇ ಕೂರುತ್ತದೆ. ಲೀಟರಿಗೆ 30 ಗ್ರಾಂ ಹಾಕಿ, ಇದನ್ನು ಮಾತ್ರ ಚೆನ್ನಾಗಿ ಕುದಿಸಲೇಬೇಕು. ಆದರೆ ಇದು ಬೇಗ ಬಿರಿಯುತ್ತದೆ, ಒಂದೇ ಕಡೆ ಚುಚ್ಚುತ್ತಾ ಹೋದರೆ ಸೀಳು ಬಿಟ್ಟು ಸೂಜಿಯ ದಾರಿ ಸ್ಕ್ರೀನಿನಲ್ಲಿ ಉಳಿದುಬಿಡುತ್ತದೆ. ಫ್ರಿಜ್ ಹತ್ತಿರ ಇದ್ದರೆ ಜಿಲೆಟಿನ್ನೇ ವಾಸಿ. ಹಳೇ ದಾರಿಗಳು ಜಾಸ್ತಿಯಾದಾಗ ಬಲೂನ್ ತೆಗೆದು ಕರಗಿಸಿ ಮತ್ತೆ ಹೊಯ್ದರಾಯಿತು.

ಆಳ ಅಳೆಯುವುದನ್ನು ಮಾತ್ರ ಇದರಲ್ಲಿ ಕಲಿಸಬೇಡಿ. ಧ್ವನಿ ಸೆಕೆಂಡಿಗೆ 1540 ಮೀಟರ್ ಹೋಗುತ್ತದೆ ಅಂತ ಮಿಷಿನ್ ಲೆಕ್ಕ ಹಾಕುತ್ತದೆ, ನಮ್ಮ ಡಬ್ಬಿಯಲ್ಲಿ ಅದು ಅಷ್ಟೇ ಇರಬೇಕೆಂದಿಲ್ಲ. ಸೂಜಿ ಅಭ್ಯಾಸಕ್ಕೆ ಇದರಿಂದ ಏನೂ ತೊಂದರೆ ಇಲ್ಲ.

ಡೊಂಬಿವಿಲಿ ಐಸಿಯು
ಡಬ್ಬಿ ನೋಡಲು ಕುತ್ತಿಗೆಯ ಹಾಗೆ ಇರಬೇಕು ಅಂತ ತುಂಬ ಜನ ಸುಮ್ನೆ ಒದ್ದಾಡುತ್ತಾರೆ. ಬೇಕಾಗಿಲ್ಲ. ಅದು ಕಲಿಸಬೇಕಾದದ್ದು ಒಂದೇ, ಸೂಜಿಯ ತುದಿ ಎಲ್ಲಿದೆ ಅಂತ ಪ್ರತಿ ಕ್ಷಣ ಗೊತ್ತಿರುವುದು. ಅಡ್ಡ ನೋಟದಲ್ಲಿ, ಅಂದರೆ ಪ್ರೋಬನ್ನು ಸೂಜಿಗೆ ಅಡ್ಡಲಾಗಿ ಹಿಡಿದಾಗ, ಸೂಜಿ ಒಂದು ಬಿಳಿ ಚುಕ್ಕಿಯಾಗಿ ಕಾಣುತ್ತದೆ, ಆ ಚುಕ್ಕಿ ತುದಿಯೇ ಆಗಿರಬಹುದು, ಮಧ್ಯದ ಭಾಗವೂ ಆಗಿರಬಹುದು, ತುದಿ ಅಷ್ಟು ಹೊತ್ತಿಗೆ ವೇನ್‌ನ ಹಿಂದಿನ ಗೋಡೆ ದಾಟಿ ಹೋಗಿರಬಹುದು. ಅದಕ್ಕೆ ಪ್ರೋಬನ್ನು ಸ್ವಲ್ಪ ಮುಂದೆ ಸರಿಸಿ, ಚುಕ್ಕಿ ಮಾಯವಾಗಬೇಕು. ಆಮೇಲೆ ಸೂಜಿಯನ್ನು ಚೂರು ಮುಂದೆ ತಳ್ಳಿ, ಚುಕ್ಕಿ ಮತ್ತೆ ಬರಬೇಕು. ಹೀಗೇ ವೇನ್ ಒಳಗೆ ಹೋಗುವ ತನಕ. ಸಿರಿಂಜಿಗೆ ಕೆಂಪು ನೀರು ಬಂತು ಅಂದಾಕ್ಷಣ ಶಹಬ್ಬಾಸ್ ಅನ್ನಬೇಡಿ, ಪ್ರೋಬನ್ನು ಸೂಜಿಯ ಉದ್ದಕ್ಕೆ ತಿರುಗಿಸಿ ತುದಿ ತೋರಿಸು ಅನ್ನಿ.

ಇನ್ನೊಂದು ಮಾತು. ಡಬ್ಬಿಯನ್ನು ಮಿಷಿನ್ ಇರುವಲ್ಲಿಗೇ ಒಯ್ಯಿರಿ. ಭ್ರೂಣಲಿಂಗ ಪತ್ತೆ ತಡೆಯುವ ಕಾನೂನನ್ನು ಮಹಾರಾಷ್ಟ್ರ 1988ರಲ್ಲೇ ತಂದಿತು, ದೇಶದ ಕಾಯ್ದೆ ಬಂದದ್ದು 1994ರಲ್ಲಿ. ಆ ಕಾಯ್ದೆಯಡಿ ನೋಂದಾಯಿಸಿದ ಜಾಗ ಬಿಟ್ಟು ಅಲ್ಟ್ರಾಸೌಂಡ್ ಮಿಷಿನನ್ನು ಹಾಸ್ಟೆಲಿಗೆ ತಂದರೆ ಅಭ್ಯಾಸಕ್ಕೆ ಅಂದರೂ ಯಾರೂ ಕೇಳುವುದಿಲ್ಲ.

ಕೋಥ್ರೂಡ್ ಅನಸ್ತೇಷಿಯಾ
ತುಂಬ ಉಪಕಾರವಾಯಿತು. ಭಾನುವಾರ ಇಸಬ್‌ಗೋಲ್, ಉದ್ದ ಬಲೂನ್ ಎರಡೂ ತರುತ್ತೇನೆ. ಪ್ರೋಬ್ ಹಾಳಾಗದಂತೆ ಏನು ಮಾಡುತ್ತೀರಿ ಮೇಡಂ?

ಮಾಟುಂಗಾ ರೇಡಿಯಾಲಜಿ
ಪ್ರೋಬ್ ಮೇಲೆ ಜೆಲ್ ಹಚ್ಚಿ, ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಸುತ್ತಿ, ಅದರ ಮೇಲೆ ಮತ್ತೆ ಜೆಲ್. ಮುಗಿದ ಮೇಲೆ ಒರೆಸಿ, ರೋಗಿಗೆ ಬಳಸುವ ಮೊದಲು ಮಾಮೂಲಿನಂತೆ ಶುದ್ಧ ಮಾಡಿ. ಅವಧಿ ಮುಗಿದ ಸೂಜಿ ಸೆಟ್ ಬಳಸುತ್ತಿದ್ದರೆ ಅದರ ಮೇಲೆ ಮಾರ್ಕರ್‌ನಲ್ಲಿ ‘ಅಭ್ಯಾಸಕ್ಕೆ ಮಾತ್ರ’ ಅಂತ ದೊಡ್ಡದಾಗಿ ಬರೆದು ಬೇರೆ ಕಪಾಟಿನಲ್ಲಿಡಿ, ವಾರ್ಡಿನ ಟ್ರಾಲಿಗೆ ಅದು ಸೇರಲೇಬಾರದು.