ಸಹಾಯ ಬೇಕು: ಹೊಸ ಪಿಕಪ್‌ನ ಸ್ಟೀರಿಂಗ್ ಕೈಗೆ ಏನೂ ಹೇಳುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. 14 ವರ್ಷ ಓಡಿಸಿದ ಹಳೆಯ ಪಿಕಪ್ ಮಾರಿ, ನಾಲ್ಕು ತಿಂಗಳ ಹಿಂದೆ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ (ತಿರುಗಿಸಲು ವಿದ್ಯುತ್ ಮೋಟಾರು ನೆರವಾಗುವಂಥದ್ದು) ಇರುವ ಹೊಸದನ್ನು ತಂದೆ. ಕಾಫಿ ಕಣದಲ್ಲಿ ತಿರುಗಿಸಲು ಒಂದು ಬೆರಳು ಸಾಕು. ತೊಂದರೆಯೆಲ್ಲ ರಸ್ತೆಗೆ ಇಳಿದ ಮೇಲೆ.

ಹಳೆಯದರ ಸ್ಟೀರಿಂಗ್ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದಿಂದ ನೆರವು ಪಡೆಯುವಂಥದ್ದು. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಮುಂದಿನ ಚಕ್ರ ಜಾರತೊಡಗಿದರೆ ಸ್ಟೀರಿಂಗ್ ತಟ್ಟನೆ ಹಗುರಾಗುತ್ತಿತ್ತು; ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗುತ್ತಿತ್ತು. ಹೊಸದರಲ್ಲಿ ಮೋಟಾರು ಆ ಸುದ್ದಿಯನ್ನೆಲ್ಲ ನುಂಗಿಬಿಡುತ್ತದೆ. ಹಾಸನದಾಚೆ ಹೆದ್ದಾರಿಯಲ್ಲಿ ವೇಗ 80 ದಾಟಿದರೆ, ನೇರ ರಸ್ತೆಯಲ್ಲೂ ಅತ್ತಿತ್ತ ತಿದ್ದುತ್ತಲೇ ಇರಬೇಕು. ಖಾಲಿ ಇದ್ದಾಗ ಹಿಂಭಾಗ ಕುಣಿಯುವುದು ಲೀಫ್ ಸ್ಪ್ರಿಂಗಿನ (ಭಾರ ಹೊರುವ ಉಕ್ಕಿನ ಪಟ್ಟಿಗಳ) ಹುಟ್ಟುಗುಣ, ಅದಕ್ಕೆ ನನ್ನ ದೂರಿಲ್ಲ. ಹತ್ತು ಮೂಟೆ ಹೇರಿದರೆ ಕುಣಿತ ನಿಲ್ಲುತ್ತದೆ, ಆದರೆ ಮೂತಿ ಎದ್ದು ಸ್ಟೀರಿಂಗ್ ಇನ್ನಷ್ಟು ಪೊಳ್ಳು.

ವೀಲ್ ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ. ಸರ್ವೀಸ್‌ನವರು ‘ಈಗಿನ ಗಾಡಿಗಳೆಲ್ಲ ಹೀಗೆಯೇ ಸಾರ್, ಅಭ್ಯಾಸವಾಗುತ್ತದೆ’ ಎಂದು ಕಾಫಿ ಕುಡಿಸಿ ಕಳುಹಿಸಿದರು. ಕಾಫಿ ಬೆಳೆಗಾರನಿಗೆ ಚಿಕೋರಿ ನೀರು!

ಎರಡು ಸಲವೂ ಟೋ (ಚಕ್ರಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಮಾತ್ರ ಸರಿಪಡಿಸಿ, ಕ್ಯಾಸ್ಟರ್ ಕೋನವನ್ನು (ಮುಂದಿನ ಚಕ್ರ ತಿರುಗುವ ಅಕ್ಷ ಬದಿಯಿಂದ ನೋಡಿದರೆ ಹಿಂದಕ್ಕೆ ವಾಲಿರುವ ಕೋನ) ನೋಡಿಯೇ ಇಲ್ಲವೆಂಬುದು ನನ್ನ ಗುಮಾನಿ. ಕ್ಯಾಸ್ಟರ್ ಕಡಿಮೆಯಿದ್ದರೆ ಗಾಡಿ ನೇರ ನಿಲ್ಲುವುದಿಲ್ಲವಲ್ಲ? ಇಂಥ ಪಿಕಪ್‌ಗಳಲ್ಲಿ ಅದನ್ನು ಹೊಂದಿಸಿಕೊಂಡವರು ಇದ್ದೀರಾ? ಖಾಲಿ ಓಡಿಸುವಾಗ ಮತ್ತು ಭಾರ ಹೇರಿದಾಗ ಟೈರ್ ಗಾಳಿ ಎಷ್ಟೆಷ್ಟು ಇಡುತ್ತೀರಿ? ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಅಳತೆಯ ಚೀಟಿ ಕೈಗೆ ಕೊಟ್ಟು ಕೆಲಸ ಮಾಡುವ ಮೆಕ್ಯಾನಿಕ್ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ವಾರ ಮಂಗಳೂರಿಗೆ ಲೋಡ್ ಇದೆ, ಘಾಟಿ ಇಳಿಯಬೇಕು.